ಅಕ್ಕಾರು ಹೇಳದ ಸಾಲು

ಸರಕಾರಕ್ಕೆ ಅರ್ಜಿ ಬರೆಯುವ ಮೊದಲು ಸಾಹೇಬರ ಹೆಂಡತಿ ಮಕ್ಕಳು ಆರಾಮವಾಗಿದ್ದಾರೆಯೇ ಎಂದು ಕೇಳಲೇಬೇಕು ಎಂದು ಹಟ ಹಿಡಿದವರನ್ನು ನನ್ನ ಆಯುಷ್ಯದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಹೋದ ತಿಂಗಳು ಮುಂಡರಗಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಹೆಸರು ಬೇಡ. ಬೆಟಗೇರಿಯ ನೇಕಾರರ ಓಣಿಯಲ್ಲಿ ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರ ಗುಣಗಾನ ಮಾಡಲಿಕ್ಕೆಂದು ಇದನ್ನು ಬರೆಯುತ್ತಿಲ್ಲ. ಅವರ ವಿಷಯದಲ್ಲಿ ನನ್ನದೊಂದು ತಪ್ಪು ಉಳಿದುಕೊಂಡಿದೆ. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಅರ್ಧ ಬರೆದಂತೆ.

ಆಗ ನಾನು ಗದಗದಲ್ಲಿ ಕಚೇರಿಯ ಎದುರು, ಒಂದು ಸೈಕಲ್ ಅಂಗಡಿಯ ಪಡಸಾಲೆಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂಡುತ್ತಿದ್ದೆ. ಅಂತೂರ-ಬೆಂತೂರಿನ ಒಕ್ಕಲಿಗನ ಮಗ. ಮೆಟ್ರಿಕ್ ಒಂದೇ ಏಟಿಗೆ ಪಾಸಾಗಿದ್ದೆ, ಇಂಗ್ಲಿಷ್ ಟೈಪಿಂಗ್ ಕಲಿತಿದ್ದೆ, ಇಪ್ಪತ್ತನಾಲ್ಕು ವಯಸ್ಸಿಗೆ ನನ್ನಂಥ ಶಾಣ್ಯಾ ಇಡೀ ಜಿಲ್ಲೆಯಲ್ಲಿಲ್ಲ ಎಂದುಕೊಂಡಿದ್ದೆ. ಜನ ತಮ್ಮ ಕಷ್ಟವನ್ನು ಕನ್ನಡದಲ್ಲಿ ಹೇಳುವರು, ನಾನು ಅದನ್ನು ಸರಕಾರದ ಇಂಗ್ಲಿಷಿಗೆ ಇಳಿಸುವೆ. ಸ್ವಲ್ಪ ದಿನ ಈ ಕೆಲಸ ಮಾಡಿದರೆ ಎಲ್ಲರ ಕಷ್ಟವೂ ಒಂದೇ ಥರ ಕೇಳತೊಡಗುತ್ತದೆ. ಹಾಗಾಗಿ ನಾನು ಕೆಲವು ಸಾಲುಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಹೊಲದ ತಂಟೆಗೆ ಒಂದು, ವರ್ಗಾವಣೆಗೆ ಒಂದು, ವಿಧವೆಯರಿಗೆ ಒಂದು. ವಿಧವೆಯರ ಸಾಲು ಹೀಗಿತ್ತು: 'ಅರ್ಜಿದಾರಳೂ ಆಕೆಯ ಮಕ್ಕಳೂ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆ, ವಾರದಲ್ಲಿ ಒಂದೆರಡು ದಿನ ಅದೂ ಇರುವುದಿಲ್ಲ.' ಇಂಗ್ಲಿಷಿನಲ್ಲಿ ಇದು ಬಹಳ ಚಂದ ಕೂಡುತ್ತಿತ್ತು. ಓದಿದ ಗುಮಾಸ್ತರೂ ಮೆಚ್ಚಿದ್ದರು.

ಅಕ್ಕಾರು ಮೊದಲ ಸಲ ಬಂದದ್ದು ಒಂದು ಬುಧವಾರ. ಅವರು ಬೆಟಗೇರಿಯ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದರು. ಬುಧವಾರ ಸುತ್ತಿದ್ದನ್ನು ಒಪ್ಪಿಸಿ, ಅಲ್ಲಿಂದ ಗದಗಕ್ಕೆ ನಡೆದು ಬರುವರು. ಮೂವತ್ತೈದರ ಆಸುಪಾಸಿನ ಹೆಂಗಸು. ಒಗೆದು ಒಗೆದು ಮೂಲ ಬಣ್ಣ ಯಾವುದೆಂದು ಹೇಳಲಾಗದ ಖಾದಿ ಸೀರೆ, ಆದರೆ ಒಂದು ಕಲೆ ಇಲ್ಲ, ಒಂದು ಹರಕು ಇಲ್ಲ. ಬಲಗೈಯ ಹೆಬ್ಬೆರಳು ತೋರುಬೆರಳು ಸುಮ್ಮನೆ ಕೂತಾಗಲೂ ಎಳೆ ಹೊಸೆಯುತ್ತಲೇ ಇರುತ್ತಿದ್ದವು.

"ತಮ್ಮಾ, ಇಂಗ್ಲೀಷಿನ್ಯಾಗ ಬರೀತೀಯೇನು?" ಎಂದರು.

"ಬರೀತೀನ್ರಿ. ಯಾವ ಅರ್ಜಿ?"

"ಅರ್ಜಿ ಅಲ್ಲ, ಪತ್ರ. ಸರಕಾರಕ್ಕ."

ಮಗಳ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ತಂದಿದ್ದರು. ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಓದಿದೆ. ಸಾಹೇಬರಿಗೆ ನಮಸ್ಕಾರ, ತಾವೂ ತಮ್ಮ ಮನಿಯವರೂ ಮಕ್ಕಳೂ ಕ್ಷೇಮವೆಂದು ತಿಳಿಯುತ್ತೇನೆ, ಆ ಕಡೆ ಮಳಿ ಹ್ಯಾಂಗದ, ಕೆಮ್ಮು ನೆಗಡಿ ಇಲ್ಲಷ್ಟ. ಹೀಗೆ ಅರ್ಧ ಹಾಳೆ. ಅದಾದ ಮೇಲೆ ಗಂಡ ಮಾಡಿದ ಕೆಲಸ, ಗಂಡ ತೀರಿಕೊಂಡದ್ದು. ಕಡೆಗೆ ಒಂದೇ ಸಾಲಿನಲ್ಲಿ, ಮಗಳು ಇನ್ನೆರಡು ವರ್ಷಕ್ಕೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಕಟ್ಟುವವಳಿದ್ದಾಳೆ, ಮುಂದೆ ಹೈಸ್ಕೂಲಿಗೆ ಹೋಗುವ ಇಚ್ಛೆ ಇದೆ, ಸರಕಾರಕ್ಕೆ ಯೋಗ್ಯವೆನಿಸಿದ್ದನ್ನು ಮಾಡಬೇಕು.

ನನಗೆ ನಗು ಬಂತು. "ಅಕ್ಕಾರ, ಸರಕಾರಕ್ಕ ಹೆಂಡರು ಮಕ್ಕಳು ಇರೂದಿಲ್ರಿ," ಎಂದೆ.

"ಸರಕಾರಕ್ಕ ಇರ್ಲಿಕ್ಕಿಲ್ಲ. ಪತ್ರ ಒಡದು ಓದಾವಗ ಇರ್ತಾರಲ್ಲ," ಎಂದರು.

ಆಗಲಿ ಎಂದೆ. ಇಂಗ್ಲಿಷಿನಲ್ಲಿ ಮಾತ್ರ ಆ ಅರ್ಧ ಹಾಳೆಯನ್ನು ಪೂರ್ತಿ ಬಿಟ್ಟುಬಿಟ್ಟೆ. ಟೈಪಾದ ಹಾಳೆಯನ್ನು ಕೈಯಲ್ಲಿ ಹಿಡಿದು "ಮಕ್ಕಳದ್ದು ಬರದೀಯಿಲ್ಲೋ?" ಎಂದು ಕೇಳಿದರು. ಬರೆದಿದ್ದೇನೆ ಎಂದು ಮೊದಲ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅದು ಎಲ್ಲ ಅರ್ಜಿಗಳಲ್ಲೂ ಇರುವ ಒಣ ಒಕ್ಕಣೆ. ಅವರು ಆ ಸಾಲನ್ನು ಒಮ್ಮೆ ಮುಟ್ಟಿ ನೋಡಿ, ಆತು ಎಂದರು. ಮುಂದೆ ಎರಡು ವರ್ಷ ಪ್ರತಿ ಪತ್ರಕ್ಕೂ ಇದೇ ಪ್ರಶ್ನೆ, ನನ್ನದು ಇದೇ ಉತ್ತರ.

ಹೋಗುವಾಗ ಒಂದು ಮಾತು ಹೇಳಿದರು. "ಇದೊಂದು ನೆನಪ ಇಡು. ನಾನು ಹಸದೀನಿ, ಉಪವಾಸ ಅದೀನಿ ಅಂತ ಎಲ್ಲೂ ಬರೀಬ್ಯಾಡ. ನಮ್ಮನಿಯವರು ಏನು ಮಾಡ್ಯಾರ ಅದನ್ನ ಬರಿ. ಓದಿ ಸಾಹೇಬರಿಗೆ ಏನ ಅನಸ್ತೈತಿ ಅದನ್ನ ಮಾಡ್ಲಿ." ಅವರನ್ನು ನೋಡಿದರೆ ಉಪವಾಸ ಇರುವವರಂತೆ ಕಾಣುತ್ತಲೂ ಇರಲಿಲ್ಲ. ನಾನು ಕೂಲಿ ಬೇಡ ಎಂದರೆ ಬಿಡುತ್ತಿರಲಿಲ್ಲ. ಅದರ ಮೇಲೆ, ನಾನು ಖಾನಾವಳಿಯಲ್ಲಿ ಉಣ್ಣುವ ಒಂಟಿ ಹುಡುಗ ಎಂದು ಗೊತ್ತಾದ ಮೇಲೆ, ಪ್ರತಿ ಬುಧವಾರ ಅರಿವೆಯಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದರು. "ಖಾನಾವಳಿ ರೊಟ್ಟಿ ತಿಂದು ಹೊಟ್ಟಿ ಕಲ್ಲಾಗ್ತೈತಿ," ಎಂದು ನಾನು ಕೊನೆಯ ತುತ್ತು ತಿನ್ನುವವರೆಗೆ ಕೂತಿರುವರು. ಇವರಿಗೇನು ಕಡಿಮೆ ಇದ್ದೀತು ಎಂದು ನಾನು ಎಣಿಸಿದ್ದು ತಪ್ಪೆಂದು ಯಾರೂ ಹೇಳಲಾರರು.

ಅವರ ಗಂಡನನ್ನು ನಾನು ಕಂಡವನಲ್ಲ. ಅರ್ಜಿಯಲ್ಲಿ ಹೆಸರು ಬರೆಯುವ ಜಾಗ ಬಂದಾಗ ಅಕ್ಕಾರು ಬಾಯಿ ಬಿಡದೆ, ಗಂಡನ ಸಹಿ ಇದ್ದ ಹಳೆಯ ಕಾಗದವೊಂದನ್ನು ತೆಗೆದು ನನ್ನೆದುರು ಇಡುತ್ತಿದ್ದರು. ಶಿರಹಟ್ಟಿಯಲ್ಲಿ ಸಂಸ್ಥಾನದ ಕಾಲಕ್ಕೆ ಕನ್ನಡ ಶಾಲೆಯ ಮಾಸ್ತರು. ನೌಕರಿಗೆ ರಾಜೀನಾಮೆ ಕೊಟ್ಟು ಚಳವಳಿಗೆ ಬಿದ್ದರು. ಲಕ್ಷ್ಮೇಶ್ವರದಲ್ಲಿ ಧ್ವಜ ಹಿಡಿದು ಜೈಲು ಕಂಡರು, ಕೆಮ್ಮು ಹಚ್ಚಿಕೊಂಡು ಹೊರಗೆ ಬಂದರು. ಸ್ವಾತಂತ್ರ್ಯ ಬಂತು, ಇನ್ನು ಮನೆ ಹಿಡಿದು ಕೂಡುತ್ತಾರೆ ಎಂದುಕೊಂಡರೆ ಏಕೀಕರಣದ ಕೆಲಸ ಹಿಡಿದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಕಾಲ್ನಡಿಗೆ. ಹೊಳೆ ಆಚೆಯವರೂ ನಮ್ಮವರು, ಮೈಸೂರಿನವರೂ ನಮ್ಮವರು ಎಂದು ಊರೂರ ಚಾವಡಿಯಲ್ಲಿ ಕೂತು ಹೇಳುವುದು, ಸಹಿ ಹಾಕಿಸಿಕೊಳ್ಳುವುದು. ಕಪ್ಪತಗುಡ್ಡದ ಕೆಳಗಿನ ಡೋಣಿ ಎಂಬ ಹಳ್ಳಿಯಿಂದ ಮಳೆಯಲ್ಲಿ ತೊಯ್ಸಿಕೊಂಡು ಬಂದವರು ಹಾಸಿಗೆ ಹಿಡಿದರು. ಗದಗದ ದವಾಖಾನೆಯಲ್ಲಿ ತೀರಿಕೊಂಡಾಗ ನಾಡು ಒಂದಾಗಲು ಇನ್ನೂ ಎರಡು ವರ್ಷ ಇತ್ತು.

ಗಂಡನ ಬಗ್ಗೆ ಅಕ್ಕಾರು ಅತ್ತದ್ದನ್ನು ನಾನು ನೋಡಿಲ್ಲ. ತಮಾಷೆ ಮಾಡಿದ್ದನ್ನು ನೋಡಿದ್ದೇನೆ. "ನಾಡೆಲ್ಲಾ ಎಲ್ಲೆಲ್ಲಿ ಹರದು ಹಂಚಿ ಹೋಗೇತಿ ಅಂತ ಅವರಿಗೆ ಗೊತ್ತಿತ್ತು. ಮನಿಯೊಳಗ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಮಾತ್ರ ಗೊತ್ತಿರ್ಲಿಲ್ಲ," ಎನ್ನುತ್ತಿದ್ದರು. ಖಾದಿಗೆಂದು ಗಂಡ ತಂದುಕೊಟ್ಟ ಚರಖದಲ್ಲೇ ಈಗ ಮಿಲ್ಲಿನ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಅದನ್ನೂ ನಗುತ್ತಲೇ ಹೇಳಿದರು.

ಗಂಡ ಸತ್ತಾಗ ಶೋಕಸಭೆ ನಡೆದಿತ್ತಂತೆ. ಒಬ್ಬ ದೊಡ್ಡವರು, ಮುಂದೆ ಇನ್ನೂ ದೊಡ್ಡವರಾದರು, ಮೈಕಿನ ಮುಂದೆ ನಿಂತು "ಆ ತಾಯಿಯ, ಆ ಮಗುವಿನ ಭಾರ ಇನ್ನು ನಮ್ಮದು" ಎಂದಿದ್ದರು. ಇಂಥ ಮಾತನ್ನು ಸಭೆಯ ಮಾತು ಎಂದು ಬಿಡುವುದು ನಮಗೆಲ್ಲ ಗೊತ್ತು. ಅಕ್ಕಾರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಬಿಡಲಿಲ್ಲ. ತಾವೇ ಕನ್ನಡದಲ್ಲಿ ಅವರಿಗೊಂದು ಪತ್ರ ಬರೆದರು. ಅಂಚೆಗೆ ಹಾಕುವ ಮೊದಲು ನನಗೆ ಓದಿ ತೋರಿಸಿದರು. 'ಅಂದು ಮೈಕ ಸರಿ ಇರ್ಲಿಲ್ಲ. ತಾವು ಆಡಿದ ಮಾತು ಮಂದಿಗೆ ಕೇಳಿಸಿರಲಿಕ್ಕಿಲ್ಲ, ನಾನು ಸಮೀಪ ಇದ್ದೆ, ನನಗೆ ಕೇಳಿಸಿತು. ತಮಗೆ ನೆನಪು ಹಾರಿರಬಹುದೆಂದು ಬರೆದೀನಿ.' ಎರಡು ತಿಂಗಳ ಮೇಲೆ, ತಮ್ಮ ಪತ್ರ ತಲುಪಿದೆ ಎಂಬ ಅಚ್ಚು ಹಾಕಿದ ಕಾರ್ಡು ಬಂತು. ಅಕ್ಕಾರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಚ್ಚು ಚಲೋ ಐತಿ," ಎಂದರು. ಎಳೆ ಹೊಸೆಯುವ ಬೆರಳುಗಳು ಅವತ್ತು ಸ್ವಲ್ಪ ಜೋರಾಗಿ ಹೊಸೆಯುತ್ತಿದ್ದವು.

ಸರಕಾರಕ್ಕೆ ಬರೆದ ಅರ್ಜಿ ಮಾತ್ರ ನಿಧಾನಕ್ಕೆ ನಡೆಯುತ್ತಿತ್ತು. ನಾವಾಗ ಮುಂಬಯಿ ಕಡೆಗೆ ಸೇರಿದ್ದೆವು. ಜೈಲಿನ ದಾಖಲೆ ತನ್ನಿ ಎಂದರು, ತಂದದ್ದಾಯಿತು. ಇಬ್ಬರು ಸಾಕ್ಷಿ ಎಂದರು, ಅಕ್ಕಾರು ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಹೋಗಿ ಬರೆಸಿಕೊಂಡು ಬಂದರು. ಕಡೆಗೆ ತಮ್ಮ ವಿಷಯ ವಿಚಾರದಲ್ಲಿದೆ ಎಂಬ ಉತ್ತರ ಬಂತು. ಇನ್ನೊಂದು ನಾಲ್ಕು ತಿಂಗಳು ಸುಮ್ಮನಿದ್ದರೆ ಕೆಲಸ ಆಗಿಬಿಡುತ್ತಿತ್ತೇನೋ.

ಅಷ್ಟರಲ್ಲಿ ನಾಡು ಒಂದಾಯಿತು. ಗದಗದಲ್ಲಿ ಪೇಢೆ ಹಂಚಿದರು. ಅದಾದ ಬುಧವಾರ ಅಕ್ಕಾರು ಬಂದರು. ಮುಖ ತೊಳೆದಿಟ್ಟಂತೆ ಬೆಳಗಿತ್ತು. "ಹಳೇ ಸರಕಾರಕ್ಕ ಒಂದ ಪತ್ರ ಬರೀಬೇಕು ತಮ್ಮಾ," ಎಂದರು. ಏನೆಂದು ಓದಿದರೆ, ಅದು ಬೀಳ್ಕೊಡುಗೆಯ ಪತ್ರ. ಎರಡು ವರ್ಷ ತಮಗೆ ತ್ರಾಸು ಕೊಟ್ಟೆ, ನಾವಿನ್ನು ನಮ್ಮ ಮನೆಗೆ ಹೋದೆವು, ಇನ್ನು ಮೇಲೆ ನಮ್ಮ ಸರಕಾರಕ್ಕೆ ಬರೆದುಕೊಳ್ಳುತ್ತೇನೆ, ತಮಗೆ ತ್ರಾಸು ಕೊಡುವುದಿಲ್ಲ, ತಪ್ಪಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

"ಇದ್ಯಾಕ್ರಿ? ಸುಮ್ಮ ಇದ್ರ ಆತು," ಎಂದೆ.

"ಹೇಳದ ಎದ್ದು ಹೋಗಾಕ ಬರ್ತೈತೇನು? ಅವರ ಪಡಸಾಲ್ಯಾಗ ಎರಡ ವರ್ಷ ಕುಂತೀವಿ."

ಆ ಪತ್ರವನ್ನು ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದೆ. ಅವರ ಪತ್ರಗಳಲ್ಲಿ ನಾನು ನಿಯತ್ತಿನಿಂದ ಇಳಿಸಿದ್ದು ಅದೊಂದೇ. ಹಬ್ಬದ ಗುಂಗಿನಲ್ಲಿ ನನಗೂ ಬುದ್ಧಿ ಓಡಲಿಲ್ಲ. ಅರ್ಜಿದಾರಳು ತನ್ನ ಅರ್ಜಿಯನ್ನು ಹಿಂತೆಗೆದುಕೊಂಡಿರುವುದರಿಂದ ಕಡತ ಮುಗಿಸಲಾಗಿದೆ ಎಂದು ಉತ್ತರ ಬಂತು. ಕಾಗದಪತ್ರಗಳು ಆ ಕಡೆಯೇ ಉಳಿದವು. ಈ ಕಡೆಯವರು ಹೊಸದಾಗಿ ಅರ್ಜಿ ಹಾಕಿ ಎಂದರು. ಮಗಳ ಮುಲ್ಕಿ ಪರೀಕ್ಷೆ ಎದುರಿಗಿತ್ತು. ಜೂನಿನೊಳಗೆ ಏನಾದರೂ ಮಂಜೂರಾಗದಿದ್ದರೆ ಹುಡುಗಿ ಹೈಸ್ಕೂಲಿನ ಬದಲು ಚರಖದ ಮುಂದೆ ಕೂಡಬೇಕು. ಅಷ್ಟು ನನಗೂ ತಿಳಿದಿತ್ತು.

ಹೊಸ ಅರ್ಜಿಯ ಕರಡನ್ನು ಮಗಳ ಕೈಯಲ್ಲಿ ಕಳಿಸಿದರು. ಮಗ್ಗದವರು ಜಲ್ದಿ ನೂಲು ಬೇಕೆಂದು ಕೂತಿದ್ದರಿಂದ ತಾವು ಬರಲಾಗಲಿಲ್ಲವಂತೆ. ಹನ್ನೆರಡರ ಹುಡುಗಿ, ತಾಯಿಯ ಹಾಗೇ ಮಾತು ಕಡಿಮೆ. ಕರಡು ಕೊಟ್ಟು, ಕಟ್ಟಿದ್ದ ರೊಟ್ಟಿ ಕೊಟ್ಟು, ಒಂದು ಮೂಲೆಯಲ್ಲಿ ಕೂತಳು. ನಾನು ಟೈಪು ಮಾಡತೊಡಗಿದೆ. ಕಡತ ಮುಚ್ಚಿಸಿದ ಪತ್ರ ಬಡಿದದ್ದು ಈ ಕೈಯೇ ಎಂಬುದು ಮನಸ್ಸನ್ನು ಕೊರೆಯುತ್ತಿತ್ತು. ಹಾಳೆ ಹಿಡಿದು "ಮಕ್ಕಳದ್ದು ಬರದೀಯಿಲ್ಲೋ?" ಎಂದು ಕೇಳುವವರು ಅವತ್ತು ಎದುರಿಗಿರಲಿಲ್ಲ. ಈ ಸಲ ಅರ್ಜಿ ಗಟ್ಟಿಯಾಗಿ ನಿಲ್ಲಲಿ ಎಂದು ನನ್ನ ಆ ಸಿದ್ಧ ಸಾಲನ್ನು ನಡುವೆ ಸೇರಿಸಿಬಿಟ್ಟೆ. ಮಕ್ಕಳೂ ಎಂದಿದ್ದನ್ನು ಮಗಳೂ ಎಂದು ಮಾಡಿದೆ, ಅಷ್ಟೇ. ಸಹಿ ಹಾಕಿಸಿಕೊಂಡು ಬಾ ಎಂದು ಹುಡುಗಿಯ ಕೈಗೆ ಕೊಟ್ಟು ಕಳಿಸಿದೆ.

ಸಾಲು ಕೆಲಸ ಮಾಡಿತು. ಒಂದೂವರೆ ತಿಂಗಳಲ್ಲಿ ವಿಚಾರಣೆಗೆ ಅಧಿಕಾರಿ ಬರುವರೆಂದು ನೋಟೀಸು ಬಂತು. ಅಕ್ಕಾರು ನನಗೊಂದು ಕಾರ್ಡು ಹಾಕಿದರು. 'ಗುರುವಾರ ಮಧ್ಯಾಹ್ನ ಮೈಸೂರ ಕಡಿ ಸಾಹೇಬರು ಬರಾವ್ರದಾರ. ನೀನೂ ಊಟಕ್ಕ ಬಾ, ಇಂಗ್ಲೀಷ ಓದೂದು ಬಿದ್ರ ಬೇಕಾಗ್ತೈತಿ.'

ಊಟ ಎಂಬ ಮಾತು ನೋಡಿದ ಕೂಡಲೇ ನಾನು ಸೇರಿಸಿದ ಒಪ್ಪತ್ತಿನ ಸಾಲು ನೆನಪಾಯಿತು. ಸ್ವಲ್ಪ ಮೊದಲೇ ಹೋಗಿ, ವಿಚಾರಣೆಗೆ ಬಂದವರಿಗೆ ನೀರಿನ ಮೇಲೆ ಏನೂ ಕೊಡಬೇಡಿ ಎಂದು ಹೇಳಬೇಕೆಂದುಕೊಂಡು ಬೆಟಗೇರಿಗೆ ಹೋದೆ. ಅವರ ಮನೆಗೆ ಅದೇ ಮೊದಲ ಸಲ ಕಾಲಿಟ್ಟದ್ದು. ಒಂದೇ ಖೋಲಿ, ಅರ್ಧ ಗೋಡೆಯ ಅಡ್ಡ. ಬಾಗಿಲಲ್ಲಿ ರಂಗೋಲಿ. ಒಳಗೆ ಎರಡು ಮಣೆ, ಮಣೆಯ ಮುಂದೆ ತಿಕ್ಕಿ ಬೆಳಗಿದ, ಉಣ್ಣುವ ಹಿತ್ತಾಳೆ ಗಂಗಾಳ, ಪಕ್ಕದಲ್ಲಿ ಬೆಳ್ಳಿಯ ಬಟ್ಟಲು. ಮಾದಲಿಯ ಘಮ ಓಣಿಯ ತನಕ ಹಬ್ಬಿತ್ತು. ಗೋಧಿ ಬೆಲ್ಲದ ಮಾದಲಿಗೆ ಹಾಲು, ತುಪ್ಪ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಮೈಸೂರಿನವರಿಗೆ ರೊಟ್ಟಿ ಒಗ್ಗದಿದ್ದರೆ ಎಂದು ಅನ್ನ ಬೇರೆ. ಆ ಕಾಲಕ್ಕೆ ನಮ್ಮ ಕಡೆ ಅನ್ನ ಎಂದರೆ ಹಬ್ಬ. ಇಷ್ಟೆಲ್ಲ ಇಟ್ಟುಕೊಂಡವರ ಬಗ್ಗೆ ನಾನೆಂಥ ಸುಳ್ಳು ಬರೆದೆನಪ್ಪಾ ಎಂದು ನಿಂತಲ್ಲೇ ನಾಚಿಕೆಯಾಯಿತು.

"ಅಕ್ಕಾರ, ಇಷ್ಟೆಲ್ಲಾ ಯಾಕ ಮಾಡಾಕ ಹೋದ್ರಿ? ಅವರು ವಿಚಾರಣೆಗೆ ಬರಾಕತ್ತಾರ," ಎಂದೆ.

"ಇವರನ್ನ ನಮ್ಮ ಕೂಡ ಕೂಡಸಾಕಂತನ ನಮ್ಮನಿಯವರು ಅಷ್ಟ ನಡದ್ರು," ಎಂದರು ಅಕ್ಕಾರು. "ಮೈಸೂರಿಂದ ನಮ್ಮ ಮನಿಗೆ ಬಂದ ಮೊದಲನೇ ಮನಷ್ಯಾ ಇವರು. ಖಾಲಿ ಹೊಟ್ಟಿಲೇ ಕಳಸಲೇನು?"

ಹೇಳಬೇಕೆಂದು ಹೋದದ್ದನ್ನು ಬಿಟ್ಟು ಮಣೆ ಸರಿಮಾಡಿದೆ. ಹೇಳಬೇಕೆಂದರೆ ನಾನು ಬರೆದದ್ದನ್ನೂ ಹೇಳಬೇಕಾಗಿತ್ತು.

ಅಧಿಕಾರಿ ಬಂದರು. ವಯಸ್ಸಾದ, ಮೆತ್ತಗಿನ ಮನುಷ್ಯ. ಮಣೆ ಗಂಗಾಳ ನೋಡಿ ಹಿಂಜರಿದರು. "ಏನಮ್ಮಾ ಇದೆಲ್ಲ, ನಾನು ವಿಚಾರಣೆಗೆ ಬಂದಿರೋನು, ನೆಂಟಸ್ತನಕ್ಕಲ್ಲ," ಎಂದರು. ಎರಡೂ ಒಂದ ದಿನ ಆಗ್ಲಿ ಬಿಡ್ರಿ ಎಂದು ಅಕ್ಕಾರು ಕೂಡಿಸಿಯೇ ಬಿಟ್ಟರು. ಅವರು ಮಾದಲಿಯನ್ನು ಮೊದಲ ಸಲ ಕಂಡವರು, ಹೇಗೆ ತಿನ್ನುವುದು ಎಂದು ನನ್ನನ್ನು ನೋಡಿ ಹಾಲು ಕಲಸಿಕೊಂಡರು. ಎರಡು ಸಲ ಬಡಿಸಿಕೊಂಡರು. ಅಕ್ಕಾರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ.

ಮೊಸರಿನ ಹೊತ್ತಿಗೆ ಅಕ್ಕಾರು ಕೇಳಿದರು. "ಸಾಹೇಬರ, ಪ್ರತಿ ಪತ್ರದಾಗೂ ಕೇಳೀನಿ. ನಿಮ್ಮ ಮಕ್ಕಳು ಮರಿ ಆರಾಮ ಅದಾರಿಲ್ಲೋ? ಒಮ್ಮಿನೂ ಉತ್ತರ ಬರ್ಲಿಲ್ಲ."

ಅವರು ತಬ್ಬಿಬ್ಬಾದರು. "ಪತ್ರದಲ್ಲಾ? ನಾನು ಪೂರ್ತಿ ಓದಿದ್ದೀನಮ್ಮ, ಅಂಥದ್ದೇನೂ ಇರಲಿಲ್ಲವಲ್ಲ." ಕೈ ತೊಳೆದು ಬಂದು ಚೀಲದಿಂದ ಅರ್ಜಿ ತೆಗೆದರು. ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಬಂದರು. ಶಿರಹಟ್ಟಿಯ ನೌಕರಿ ಬಂತು, ಜೈಲು ಬಂತು, ಡೋಣಿ ಬಂತು. ಅಕ್ಕಾರು ತಲೆ ಆಡಿಸುತ್ತಿದ್ದರು. ಆಮೇಲೆ ಅವರು ಸ್ವಲ್ಪ ತಡೆದು, ಗಂಗಾಳದ ಕಡೆ ನೋಡಿ, ಮೆಲ್ಲಗೆ ಓದಿದರು. "ಅರ್ಜಿದಾರಳೂ ಆಕೆಯ ಮಗಳೂ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆ. ವಾರದಲ್ಲಿ ಒಂದೆರಡು ದಿನ ಅದೂ ಇರುವುದಿಲ್ಲ."

ಅಕ್ಕಾರ ತಲೆ ನಿಂತಿತು. ನನ್ನನ್ನು ನೋಡಲಿಲ್ಲ. ನೀರಿನ ತಂಬಿಗೆ ಹಿಡಿದು ಅಡ್ಡಗೋಡೆಯ ಬಳಿ ನಿಂತಿದ್ದ ಮಗಳನ್ನು ನೋಡಿದರು. ನನ್ನ ಮುಖ ನೋಡಲಿಕ್ಕೂ ಅವರಿಗೆ ಹೇಸಿಗೆಯಾಯಿತು ಎಂದು ತಿಳಿದೆ.

"ಅದು ನನ್ನ ಮಾತಲ್ರಿ," ಎಂದರು. "ಹೊಡದು ಹಾಕ್ರಿ."

ಅಧಿಕಾರಿ ಒಳ್ಳೆಯವರು, ಅದನ್ನು ಈಗಲೂ ಹೇಳುತ್ತೇನೆ. ಅರ್ಜಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು "ನೋಡಿಮ್ಮ, ಇದು ಹೋದರೆ ಅರ್ಜಿಯಲ್ಲಿ ಹಿಡಿಯೋದಕ್ಕೆ ಏನೂ ಉಳಿಯಲ್ಲ. ಬಡತನ ಇದೆ ಅಂತ ನೀವೊಂದು ಮಾತು ಹೇಳಿ, ನಾನು ಬರ್ಕೋತೀನಿ. ಊಟದ ವಿಷಯ ನಾನು ಬರೆಯಲ್ಲ," ಎಂದರು.

"ನಮ್ಮ ಮನಿಯಾಗ ಉಂಡು ಎದ್ದೀರಿ," ಎಂದರು ಅಕ್ಕಾರು. "ಈ ಮನಿಯಾಗ ಊಟ ಇಲ್ಲಂತ ಹ್ಯಾಂಗ ಬರೀತೀರಿ? ಹೊಡದು ಹಾಕ್ರಿ."

ಅವರು ಪೆನ್ನು ತೆಗೆದು ಸಾಲಿನ ಮೇಲೆ ಗೆರೆ ಎಳೆದರು. ಅಕ್ಕಾರ ಸಹಿ ತೆಗೆದುಕೊಂಡರು. ಹೊಸ್ತಿಲು ದಾಟುವಾಗ ತಿರುಗಿ, ತನಗೆ ಇಬ್ಬರು ಮೊಮ್ಮಕ್ಕಳೆಂದೂ ಇಬ್ಬರೂ ಆರಾಮವಾಗಿದ್ದಾರೆಂದೂ ಹೇಳಿ ಹೋದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಕ್ಕಾರು ಬಯ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವರು ಬಯ್ಯಲಿಲ್ಲ. "ಎಲಿ ಅಡಕಿ ಹಾಕ್ಕೊಂಡು ಹೋಗು," ಎಂದರು. ದನಿ ಸುಮ್ಮಗಿತ್ತು, ಕಣ್ಣು ಇನ್ನೂ ಮಗಳ ಮೇಲೇ ಇತ್ತು.

ಅರ್ಜಿದಾರಳ ಸ್ಥಿತಿ ಸಮಾಧಾನಕರವಾಗಿರುವುದರಿಂದ ನೆರವು ಕೊಡಲಾಗದು ಎಂದು ಮೇ ತಿಂಗಳಲ್ಲಿ ಉತ್ತರ ಬಂತು. ನನಗೆ ಗೊತ್ತಾದದ್ದು ಕಚೇರಿಯ ಗುಮಾಸ್ತರಿಂದ. ಅಕ್ಕಾರು ಮತ್ತೆ ನನ್ನ ಪಡಸಾಲೆಗೆ ಬರಲಿಲ್ಲ. ಎಷ್ಟೋ ಬುಧವಾರ ರಸ್ತೆ ನೋಡಿದೆ. ಹುಡುಗಿ ಶಾಲೆ ಬಿಟ್ಟು ತಾಯಿಯ ಜೊತೆ ಕಂಡಿಕೆ ಸುತ್ತುತ್ತಿದ್ದಾಳೆ ಎಂದು ಕೇಳಿದೆ. ಮುಂದೆ ಎರಡು ಮೂರು ವರ್ಷಕ್ಕೆ ಯಾರೋ ಪುಣ್ಯಾತ್ಮರು ಫೀ ಕಟ್ಟಿ ಓದಿಸಿದರು, ಆಕೆ ಮಾಸ್ತರಿಕೆ ಹಿಡಿದಳು, ಮುಂಡರಗಿಯಲ್ಲಿ ನೌಕರಿಯಾಗಿ ತಾಯಿಯನ್ನು ಕರೆದುಕೊಂಡು ಹೋದಳು ಎಂದೂ ಕೇಳಿದೆ. ಎಲ್ಲ ಕೇಳಿದ್ದೇ. ಹೋಗಿ ನೋಡುವ ಧೈರ್ಯ ನನಗಾಗಲಿಲ್ಲ. ವಿಧವೆಯರ ಆ ಸಾಲನ್ನು ಮಾತ್ರ ಅವತ್ತಿನಿಂದ ಯಾರ ಅರ್ಜಿಗೂ ಹಾಕಲಿಲ್ಲ. ಕೆಲವರಿಗೆ ಅದರಿಂದ ನಷ್ಟವೂ ಆಗಿರಬಹುದು.

ಹೋದ ತಿಂಗಳು ಖಬರು ಬಂದಾಗ ಮುಂಡರಗಿ ಬಸ್ಸು ಹತ್ತಿದೆ. ಸತ್ತ ಮನೆಗೆ ಹೋಗಿ ಮಾತಾಡಿಸಿ ಬರುವುದು ನಮ್ಮ ಕಡೆಯ ರೂಢಿ. ಅದಕ್ಕಿಂತ ಹೆಚ್ಚಾಗಿ, ತಾಯಿಗೆ ಹೇಳಲಾಗದ್ದನ್ನು ಮಗಳಿಗಾದರೂ ಹೇಳಿ ಹಗುರಾಗಬೇಕು ಎಂಬ ಸ್ವಾರ್ಥವಿತ್ತು. ಮಗಳ ತಲೆಯೂ ಈಗ ಅರ್ಧ ನರೆತಿದೆ, ಶಾಲೆಯ ಹೆಡ್ ಬಾಯಿ, ಎಂದರೆ ಮುಖ್ಯೋಪಾಧ್ಯಾಯಿನಿ. ನನ್ನನ್ನು ಗುರುತು ಹಿಡಿದರು. ಚರಖ ಮೂಲೆಯಲ್ಲಿತ್ತು, ಮೇಲೆ ಬಟ್ಟೆ ಹೊದಿಸಿದ್ದರು. ಚಹಾ ತಂದುಕೊಟ್ಟು ಎದುರಿಗೆ ಕೂತರು.

"ಬಾಯಾರ, ನಿಮ್ಮ ಅವ್ವನ ಅರ್ಜಿಯೊಳಗ ನಾ ಒಂದ ಸುಳ್ಳ ಬರದಿದ್ದೆ," ಎಂದೆ. "ಅವರಿಗೆ ಮಾಫಿ ಕೇಳೂದು ಆಗ್ಲಿಲ್ಲ. ನಿಮಗರ ಕೇಳಬೇಕಂತ ಬಂದೀನಿ."

"ಯಾವ ಸುಳ್ಳರಿ?"

"ಒಪ್ಪತ್ತಿನ ಊಟದ್ದು."

ಅವರು ಕಪ್ಪು ಕೆಳಗಿಟ್ಟರು. "ಅದು ಸುಳ್ಳೇನು?" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಸಿಟ್ಟಿಲ್ಲದೆ, ಶಾಲೆಯಲ್ಲಿ ಪಾಠ ಬಿಡಿಸಿ ಹೇಳುವ ಹಾಗೆ ಹೇಳಿದರು. "ಗಂಗಾಳ ಮಗ್ಗದವರ ಮನೀದು. ಬೆಳ್ಳಿ ಬಟ್ಟಲಾ ಅವರ ಮಗಳ ಲಗ್ನದ್ದು. ತುಪ್ಪ, ಹಾಲು ಓಣಿಯವರು ಕೊಟ್ರು. ಅಕ್ಕಿ, ಬೆಲ್ಲ ತರಾಕ ಅವ್ವ ಅಪ್ಪನ ಕೋಟು ಮಾರಿದ್ಲು. ಉಳದ ಮಾದಲಿ ನಾವಿಬ್ಬರೂ ನಾಕ ದಿನ ಉಂಡ್ವಿ. ಆ ಎರಡೂ ವರ್ಷ ದಿನಾ ಒಂದ ಹೊತ್ತು, ಖರೆ. ಬುಧವಾರ ನಿಮಗ ರೊಟ್ಟಿ ಕಟ್ಟಿದ್ರ ಅವತ್ತು ಅದೂ ಇಲ್ಲ."

ಎರಡು ವರ್ಷದ ಬುಧವಾರಗಳ ರೊಟ್ಟಿ ಎಣಿಸತೊಡಗಿದೆ. ನಾನು ಸುಳ್ಳೆಂದುಕೊಂಡು ಬರೆದದ್ದು ಅಕ್ಷರಕ್ಕಕ್ಷರ ನಿಜವಾಗಿತ್ತು. ಅವರು ಅಧಿಕಾರಿಯ ಮುಂದೆ ಹೊಡೆದು ಹಾಕಿಸಿದ್ದು ನಿಜವನ್ನು.

"ನೀವಿಬ್ಬರೂ ಹೋದ ಮ್ಯಾಲೆ ಅವ್ವ ನನಗ ಹೊಡದ್ಲು," ಎಂದರು ಬಾಯಿಯವರು. "ಜಲ್ಮದಾಗ ಅದ ಮೊದಲು, ಅದ ಕಡೀದು. ಮನಿ ಒಳಗಿನ ಮಾತು ಹೊರಗ ಯಾಕ ಒಯ್ದಿ ಅಂತ. ಆ ಅರ್ಜಿ ಬರಸಾಕ ನಾನ ಒಬ್ಬಾಕಿ ಬಂದಿದ್ನೆಲ್ಲ. ನಾ ಹೇಳಿಲ್ಲವ್ವಾ ಅಂತ ಅತ್ತೆ. ನೀ ಹೇಳದ ಅವಗ ಒಂದ ಹೊತ್ತು ಅನ್ನೂದು ಹ್ಯಾಂಗ ಗೊತ್ತಾಗ್ತೈತಿ, ವಾರದಾಗ ಒಂದೆರಡ ದಿನ ಅನ್ನೂದು ಹ್ಯಾಂಗ ಗೊತ್ತಾಗ್ತೈತಿ ಅಂದ್ಲು."

ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಹನ್ನೆರಡರ ಆ ಹುಡುಗಿ ಇದ್ದಳು.

"ಇಷ್ಟ ವರ್ಷ ನನಗೂ ತಿಳೀಲಿಲ್ರಿ. ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ," ಎಂದೆ. "ಆ ಸಾಲು ನಾ ಎಲ್ಲಾ ವಿಧವೆಯರ ಅರ್ಜಿಗೂ ಹಾಕ್ತಿದ್ದೆ."

ಅವರು ನಕ್ಕಾರು, ಇಲ್ಲವೇ ಬಯ್ದಾರು ಎಂದು ಕಾದೆ. ಎರಡೂ ಆಗಲಿಲ್ಲ. ಎದ್ದು ಹೋಗಿ ಚರಖದ ಮೇಲಿನ ಬಟ್ಟೆ ಸರಿಮಾಡಿದರು. ಬೆನ್ನು ಮಾಡಿ ನಿಂತೇ ಹೇಳಿದರು.

"ಇದನ್ನ ಅವ್ವಗ ಹೇಳಬೇಕಿತ್ರಿ. ಕಡೀ ದಿನದ ತನಕ ನಾನ ಹೇಳೀನಿ ಅಂತ ತಿಳಕೊಂಡಿದ್ಲು."

ಗದಗದಿಂದ ಮುಂಡರಗಿಗೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಇಷ್ಟು ವರ್ಷ ದಿನಕ್ಕೆ ಹತ್ತು ಬಸ್ಸು ನನ್ನ ಪಡಸಾಲೆಯ ಮುಂದೆಯೇ ಹೋಗುತ್ತಿದ್ದವು.